ತಂತಿ ಟೋಪಿ

ಕಂಡಕ್ಟರು ಒಂದು ಮೊಟ್ಟೆ ಬೇಯಿಸುವುದಕ್ಕೆ ನಾಲ್ಕು ಪಾತ್ರೆ ಮುಸುರೆ ಮಾಡುತ್ತಿದ್ದರು. ಒಂದರಲ್ಲಿ ನೀರು ಹಿಡಿಯುವುದು, ಇನ್ನೊಂದರಲ್ಲಿ ಬೇಯಿಸುವುದು, ಮೂರನೆಯದರಲ್ಲಿ ತಣ್ಣಗೆ ಮಾಡುವುದು. ನಾಲ್ಕನೆಯದು ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಸಿಂಕು ತುಂಬಿದ್ದನ್ನು ಕಂಡು ಸೊಸೆ ಮುಖ ಗಂಟಿಕ್ಕಿದರೆ, "ಮೂವತ್ತೊಂದು ವರ್ಷ ಬಸ್ಸಲ್ಲಿ ಟಿಕೆಟ್ ಹರಿದೋನು ನಾನು. ಒಲೆ ರೂಟಲ್ಲಿ ಇದೇ ಮೊದಲನೇ ಟ್ರಿಪ್ಪು, ಸ್ವಲ್ಪ ಸಹಿಸ್ಕೋಬೇಕಮ್ಮ" ಅನ್ನುತ್ತಿದ್ದರು.

ಐದು ತಿಂಗಳ ಹಿಂದಿನವರೆಗೆ ಅವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಏನಾಯ್ತು ಎಷ್ಟಾಯ್ತು ಅಂತ ಕೇಳಿದ್ದುಂಟೇ ಹೊರತು ಒಳಗೆ ಕಾಲಿಟ್ಟಿದ್ದು ಕಡಿಮೆ. ರಿಟೈರಾಗಿ ನಾಲ್ಕು ವರ್ಷವಾಗಿತ್ತು. ಕಿಟಕಿ ಪಕ್ಕದ ಕುರ್ಚಿ, ದಿನಪತ್ರಿಕೆ, ಸಂಜೆ ಒಂದು ಸುತ್ತು ನಡಿಗೆ, ಅಲ್ಲಿಗೆ ದಿನ ಮುಗಿಯುತ್ತಿತ್ತು. ಉಳಿದ ಸಂಸಾರವೆಲ್ಲ ಹೆಂಡತಿಯದು. ಆಕೆಯನ್ನು ಸೊಸೆ ಅತ್ತೆ ಅನ್ನುತ್ತಿದ್ದಳು, ಅದನ್ನು ಕೇಳಿ ಕೇಳಿ ಅಕ್ಕಪಕ್ಕದವರೂ ಅತ್ತೆ ಅನ್ನತೊಡಗಿದ್ದರು. ನಾವೂ ಹಾಗೇ ಅನ್ನೋಣ.

ಒಂದು ಬೆಳಿಗ್ಗೆ ಅತ್ತೆಯ ಬಲಗೈಯಿಂದ ತಟ್ಟೆ ಜಾರಿತು. ಸೋಪು ಅಂದುಕೊಂಡರು. ಎರಡನೆಯ ತಟ್ಟೆಯೂ ಜಾರಿತು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ನಾಲಿಗೆ ತೊದಲಿ ಅಲ್ಲೇ ಕುಸಿದರು. ಮೆದುಳಿಗೆ ರಕ್ತ ಹೋಗುವ ದಾರಿ ಕಟ್ಟಿಕೊಂಡಿತ್ತು ಅಂದರು ಡಾಕ್ಟರು. ಮಾತು ಹದಿನೈದು ದಿನಕ್ಕೆ ಬಂತು, ಕಾಲು ಎರಡು ತಿಂಗಳಿಗೆ ಬಂತು. ಬಲಗೈ ಮಾತ್ರ, ಸ್ವಲ್ಪ ಹೊತ್ತು ಹಿಡ್ಕೊಂಡಿರಿ ಅಂತ ಯಾರೋ ಕೊಟ್ಟುಹೋದ ಸಾಮಾನಿನ ಹಾಗೆ ಮಡಿಲಲ್ಲಿ ಬಿದ್ದಿರುತ್ತಿತ್ತು.

ಮಗ ಲಿಫ್ಟ್ ಮೆಕ್ಯಾನಿಕ್. ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ರಾತ್ರಿ ಊಟಕ್ಕೆ. ಸೊಸೆ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಐದಕ್ಕೆ ಎದ್ದು ಬೆಳಗಿನ ಅಡುಗೆ ಮಾಡಿ, ಬಟ್ಟೆ ನೆನೆಸಿ, ಒಂಬತ್ತಕ್ಕೆ ಓಡುತ್ತಿದ್ದಳು. ಸಂಜೆ ಬಂದು ಮತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸುತ್ತಿದ್ದಳು. ನಡುವಿನ ಹೊತ್ತು ಕಂಡಕ್ಟರಿಗೆ ಬಿತ್ತು. ಅನ್ನ ಮೊದಲ ವಾರ ತಳ ಹಿಡಿಯಿತು, ಎರಡನೆಯ ವಾರ ಗಂಜಿಯಾಯಿತು, ಮೂರನೆಯ ವಾರ ಅನ್ನವೇ ಆಯಿತು. ಹೆಂಡತಿಗೆ ತಲೆ ಬಾಚಿ ಜಡೆ ಹಾಕುವುದನ್ನೂ ಕಲಿತರು. ಗಂಡಸರಿಗೆ ಮನೆಗೆಲಸ ಬರುವುದಿಲ್ಲ ಅನ್ನುವುದನ್ನು ನಾನಂತೂ ನಂಬುವುದಿಲ್ಲ. ಬೇಕಾದಾಗ ಬರುತ್ತದೆ, ಬೇಕು ಅನ್ನಿಸುವುದೇ ತಡ.

ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಯಾವುದೋ ಅಧ್ಯಯನ ನಡೆಯುತ್ತಿತ್ತು. ಎಂಟು ವಾರ, ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ. ಅತ್ತೆಯ ಹೆಸರನ್ನು ಡಾಕ್ಟರೇ ಸೇರಿಸಿದ್ದರು. ಅಲ್ಲಿ ಕಣ್ಣಿಗೆ ಒಂದು ಕಪ್ಪು ಡಬ್ಬಿ ಕಟ್ಟುತ್ತಿದ್ದರು. ಕಟ್ಟಿದ ಕೂಡಲೇ ಆಸ್ಪತ್ರೆ ಮಾಯವಾಗಿ ಒಂದು ಅಡುಗೆಮನೆ ಬರುತ್ತಿತ್ತು. ಕಪಾಟಿನಲ್ಲಿ ಬಟ್ಟಲು, ಮೇಜಿನ ಮೇಲೆ ನೀರು ಕುಡಿದ ಸ್ಪಂಜು, ಎದುರಿಗೆ ಎರಡು ಕೈ. ಬಲಗೈ ಎತ್ತಲು ಪ್ರಯತ್ನಿಸಿದರೆ, ನಿಜವಾದ ಕೈ ಒಂದು ಎಳ್ಳಿನಷ್ಟು ಅಲುಗಿದರೂ ಸಾಕು, ಒಳಗಿನ ಕೈ ಬಟ್ಟಲು ಎತ್ತಿ ಕಪಾಟಿನಲ್ಲಿಡುತ್ತಿತ್ತು. ಆ ಹೊತ್ತಿನಲ್ಲಿ ಮೆದುಳಿನಲ್ಲಿ ಏನು ನಡೆಯುತ್ತದೆ ಅಂತ ನೋಡುವುದಕ್ಕೆ ತಲೆಗೆ ಒಂದು ಟೋಪಿ, ಅದರ ತುಂಬ ತಂತಿ. ತಂತಿ ಕೂರುವ ಒಂದೊಂದು ಜಾಗಕ್ಕೂ ಕೂದಲು ಸರಿಸಿ ಅಂಟಂಟು ಜೆಲ್ ಹಚ್ಚಬೇಕು. ಹಚ್ಚುವವಳು ಒಬ್ಬ ಚುರುಕು ಹುಡುಗಿ, ಮನೆಯಲ್ಲಿ ಅವಳಿಗೆ ಟೋಪಿ ಹುಡುಗಿ ಅಂತಲೇ ಹೆಸರಾಯಿತು.

ಮೊದಲ ದಿನ ಅವಳು ಹೇಳಿದ ಒಂದು ಮಾತಿನಿಂದ ಮುಂದಿನದೆಲ್ಲ ಆಯಿತು. "ಕೈ ಏಳದಿದ್ರೂ ಪರವಾಗಿಲ್ಲಮ್ಮ. ಎತ್ತಬೇಕು ಅಂತ ನೀವು ಮನಸ್ಸಲ್ಲಿ ಅಂದ್ಕೊಂಡ್ರೆ ಸಾಕು, ಇಲ್ಲಿ ನಮಗೆ ಕಾಣುತ್ತೆ" ಅಂದಳು.

ಅತ್ತೆ ಗಾಬರಿಯಾದರು. ಮನಸ್ಸಲ್ಲಿ ಅಂದುಕೊಂಡದ್ದು ಕಾಣುತ್ತದೆ ಅಂದರೆ ಎಲ್ಲವೂ ಕಾಣುತ್ತದೆ ಅಂತಲೇ ಅವರ ಲೆಕ್ಕ. ಮೂವತ್ತಾರು ವರ್ಷದ ಸಂಸಾರದಲ್ಲಿ ಅಂದುಕೊಂಡದ್ದನ್ನೆಲ್ಲ ನುಂಗಿಕೊಂಡೇ ಬಂದವರು ಅವರು. ಸಾಲದ್ದಕ್ಕೆ ಕಂಡಕ್ಟರು ಮನೆಗೆ ಬರುವ ಬಸ್ಸಿನಲ್ಲಿ, "ನನ್ನ ಬೈಕೊಂಡ್ರೂ ಟೀವೀಲಿ ಬರುತ್ತೆ, ಹುಷಾರು" ಅಂತ ಬೇರೆ ಛೇಡಿಸಿದರು. ಹೆಂಡತಿ ನಗಲಿಲ್ಲ ಅನ್ನುವುದನ್ನು ಅವರು ಗಮನಿಸಲಿಲ್ಲ.

ಜೆಲ್ ಒಣಗಿದರೆ ಕೂದಲು ಕಡ್ಡಿಯಾಗುತ್ತಿತ್ತು. ಒಂದೇ ಕೈಯಲ್ಲಿ ತೊಳೆದರೆ ಹೋಗುವಂಥದ್ದಲ್ಲ. ಸೊಸೆ ಅಂಗಡಿಯಲ್ಲಿ. ಹಾಗಾಗಿ ಆಸ್ಪತ್ರೆಯಿಂದ ಬಂದ ಕೂಡಲೇ ಕಂಡಕ್ಟರು ಬಚ್ಚಲಿನಲ್ಲಿ ಸ್ಟೂಲು ಹಾಕಿ, ಹೆಂಡತಿಯನ್ನು ಕೂರಿಸಿ, ಬಿಸಿನೀರು ಹದ ಮಾಡಿ ತಲೆ ತೊಳೆಯುತ್ತಿದ್ದರು. ಮೊದಲ ಸಲ ಬಟ್ಟೆ ಕುಕ್ಕಿದ ಹಾಗೆ ಉಜ್ಜಿಬಿಟ್ಟರು. ಆಮೇಲಾಮೇಲೆ ಬೆರಳು ಮೃದುವಾಯಿತು. ಬೆರಳು ಓಡುತ್ತಿದ್ದ ಹಾಗೆ ಬಾಯಿಯೂ ಓಡುತ್ತಿತ್ತು. ಚಿಲ್ಲರೆಗೆ ಕಿತ್ತಾಡಿದವರು, ಬಸ್ಸಿನಲ್ಲೇ ಹೆರಿಗೆಯಾದ ಹೆಂಗಸು, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದು ಅತ್ತ ಮೇಷ್ಟ್ರು. ಮನೆಯಲ್ಲಿ ಒಂದು ದಿನವೂ ಹೇಳದ ಕತೆಗಳು. ಅತ್ತೆ ಕಣ್ಣುಮುಚ್ಚಿ ಕೇಳುತ್ತಿದ್ದರು. ಮಂಗಳವಾರ ಮುಗಿದರೆ ಶುಕ್ರವಾರ ಯಾವಾಗ ಬರುತ್ತದೋ ಅನ್ನಿಸುತ್ತಿತ್ತು ಅವರಿಗೆ.

ನಾಲ್ಕನೆಯ ವಾರ ಒಂದು ಸಂಜೆ ಕುರ್ಚಿಯ ಕೈಮೇಲೆ ಇಟ್ಟಿದ್ದ ಟೀ ಲೋಟ ಜಾರಿತು. ಅತ್ತೆಯ ಬಲಗೈ ಹೋಗಿ ಅದನ್ನು ಹಿಡಿಯಿತು. ಹೆಬ್ಬೆರಳು ಸೇರಲಿಲ್ಲ, ಉಳಿದ ನಾಲ್ಕೂ ಮಡಚಿಕೊಂಡಿದ್ದವು. ಲೋಟ ಕೆಳಗೆ ಬೀಳಲಿಲ್ಲ. ಅವರಿಗೆ ಕೂಗಿಬಿಡಬೇಕು ಅನ್ನಿಸಿತು. ಕೂಗಲು ಬಾಯಿ ತೆರೆದಾಗ ಪಕ್ಕದ ಕೋಣೆಯಲ್ಲಿ ಕಂಡಕ್ಟರು ಹಳೆಯ ಡ್ರೈವರ್ ಗೆಳೆಯನ ಜೊತೆ ಫೋನಿನಲ್ಲಿದ್ದರು.

"ಇನ್ನೊಂದು ತಿಂಗಳು ಕಣಯ್ಯ. ಇವಳ ಕೈ ಬಂತು ಅಂದ್ರೆ ನನ್ನ ಡ್ಯೂಟಿ ಮುಗೀತು. ಆಮೇಲೆ ಮೊದಲಿನ ಹಾಗೇ, ನಾನು, ನನ್ನ ಕುರ್ಚಿ."

ಅತ್ತೆ ತೆರೆದ ಬಾಯಿ ಮುಚ್ಚಿದರು. ಎಡಗೈಯಿಂದ ಲೋಟ ತೆಗೆದು ಕೆಳಗಿಟ್ಟು, ಬಲಗೈಯನ್ನು ಮತ್ತೆ ಮಡಿಲಿಗೆ ಬಿಟ್ಟರು. ಯಾರಿಗೂ ಹೇಳಲಿಲ್ಲ.

ಬಂದ ಕೈಯನ್ನು ಬಾರದ ಹಾಗೆ ಇಟ್ಟುಕೊಳ್ಳುವುದು ಸುಲಭವಲ್ಲ. ಸೆರಗು ಜಾರಿದರೆ ಕೈ ತಾನಾಗಿ ಏಳುತ್ತಿತ್ತು, ಬಾಗಿಲು ಬಡಿದರೆ ಅಗಳಿಯ ಕಡೆ ಹೊರಡುತ್ತಿತ್ತು. ತಡೆದು ತಡೆದು ಭುಜ ನೋಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಭಯ ಟೋಪಿಯದು. ತಲೆಯೊಳಗಿನ ಗುಟ್ಟನ್ನು ತಂತಿ ಹಾಕಿ ಎಳೆದುಬಿಟ್ಟರೆ ಏನು ಗತಿ? ಅದಕ್ಕೆ ಅವರೇ ಒಂದು ಉಪಾಯ ಕಂಡುಕೊಂಡರು. ಟೋಪಿ ಹಾಕಿದ ಕೂಡಲೇ ಮನಸ್ಸಿನಲ್ಲಿ ಹದಿನೇಳರ ಮಗ್ಗಿ ಶುರುಮಾಡುವುದು. ಸಣ್ಣ ಮಗ್ಗಿಯಾದರೆ ನಡುವೆ ಬೇರೆ ಯೋಚನೆ ನುಸುಳುತ್ತದೆ. ಹದಿನೇಳರದು ಶಾಲೆಯಲ್ಲಿದ್ದಾಗಲೇ ಅವರಿಗೆ ಕಷ್ಟ, ಅದನ್ನು ಹೇಳುವಾಗ ತಲೆಯಲ್ಲಿ ಸೊಳ್ಳೆಗೂ ಜಾಗವಿರುವುದಿಲ್ಲ. ಹದಿನೇಳೊಂದ್ಲಿ ಹದಿನೇಳು, ಹದಿನೇಳೆರಡ್ಲಿ ಮೂವತ್ನಾಲ್ಕು. ಎದುರಿಗೆ ಬಟ್ಟಲುಗಳು ಹಾಗೇ ಕೂತಿರುತ್ತಿದ್ದವು.

ಟೋಪಿ ಹುಡುಗಿ ಪರದೆ ನೋಡಿ ತಲೆ ಕೆರೆದುಕೊಂಡಳು. ಹೋದ ವಾರ ಅಷ್ಟು ಚೆನ್ನಾಗಿತ್ತು, ಈಗ ಏನೇನೋ ಬರುತ್ತಿದೆ. ತಂತಿ ಬದಲಾಯಿಸಿದಳು, ಜೆಲ್ ಜಾಸ್ತಿ ಹಾಕಿದಳು. "ನಿಮ್ಮ ಮನಸ್ಸು ಇಲ್ಲಿಲ್ಲ ಅಮ್ಮ" ಅಂದಳು. ಅವತ್ತಿನಿಂದ ಅತ್ತೆ ಮಗ್ಗಿಯನ್ನು ಹಿಂದುಮುಂದಾಗಿಯೂ ಹೇಳತೊಡಗಿದರು.

ಆರನೆಯ ವಾರ ಹುಡುಗಿ ಸೊಸೆಗೆ ಫೋನು ಮಾಡಿದಳು. ಕೈ ಆಡಿಸಲು ಹೊರಟ ಕೂಡಲೇ ಮೆದುಳಿನ ಎಡಭಾಗ ಸರಿಯಾಗಿಯೇ ಎಚ್ಚರವಾಗುತ್ತದಂತೆ, ಮರುಕ್ಷಣ ಯಾರೋ ಬ್ರೇಕ್ ಒತ್ತಿದ ಹಾಗೆ ನಿಂತುಬಿಡುತ್ತದಂತೆ. ಇಂಥ ಚಿತ್ರ ಬರುವವರಲ್ಲಿ ಹೆಚ್ಚಿನವರು ಇಷ್ಟು ಹೊತ್ತಿಗೆ ಮುಷ್ಟಿ ಹಿಡಿಯುತ್ತಾರಂತೆ. ಉಳಿದ ಎರಡು ವಾರದಲ್ಲೂ ಬದಲಾವಣೆ ಇಲ್ಲದಿದ್ದರೆ ಡಾಕ್ಟರು ಕೈಗೆ ಖಾಯಂ ಪಟ್ಟಿ ಕಟ್ಟಿ ಕಳಿಸುತ್ತಾರಂತೆ. ಬಳಸದ ಕೈಯನ್ನು ಮೆದುಳು ದಿನದಿನಕ್ಕೂ ಮರೆಯುತ್ತ ಹೋಗುತ್ತದೆ ಅಂತಲೂ ಹೇಳಿದಳು.

ರಾತ್ರಿ ಊಟಕ್ಕೆ ಕೂತಾಗ ಸೊಸೆ ಇದನ್ನೆಲ್ಲ ಹೇಳಿದಳು. ಹೇಳಿ ಸುಮ್ಮನಾಗಲಿಲ್ಲ.

"ತಪ್ಪು ತಿಳ್ಕೋಬೇಡಿ ಮಾವ. ಒಂದು ತುತ್ತೂ ಅವರಾಗಿ ಎತ್ತೋಕೆ ನೀವು ಬಿಡಲ್ಲ. ಎಲ್ಲಾ ಬಾಯಿಗಿಟ್ರೆ ಕೈ ಯಾಕೆ ಬರುತ್ತೆ?"

"ಹೆಂಡತಿಗೆ ಊಟ ಮಾಡಿಸಿದ್ದೂ ತಪ್ಪಾ ಈಗ?" ಕಂಡಕ್ಟರು ಚಮಚ ಕೆಳಗಿಟ್ಟರು. "ಮೊದಲು ಏನೂ ಮಾಡಲ್ಲ ಅಂತಿದ್ರಿ. ಈಗ ಜಾಸ್ತಿ ಮಾಡ್ತೀನಿ ಅಂತೀರಿ. ಯಾವ ಸ್ಟಾಪಲ್ಲಿ ಇಳೀಲಿ ನಾನು?"

"ಜಾಸ್ತಿ ಅಂದ್ರೆ ಆ ಪಾತ್ರೇನೂ ತೊಳೀರಿ. ಐದಕ್ಕೆ ಎದ್ದು ತಿಕ್ಕೋಳು ನಾನು."

"ಜಗಳ ಆಮೇಲೆ ಆಡಿ, ಅನ್ನ ಆರುತ್ತೆ" ಅಂದ ಮಗ. ಅವನು ಆ ವಾರದಲ್ಲಿ ಎಲ್ಲರ ಎದುರು ಆಡಿದ ಅತಿ ಉದ್ದದ ಮಾತು ಅದೇ. ಅತ್ತೆ ತಲೆ ಎತ್ತಲಿಲ್ಲ. ತನ್ನಿಂದಲೇ ಮನೆ ಹೊತ್ತಿಕೊಳ್ಳುತ್ತಿದೆ ಅಂತ ಅವರಿಗೆ ಗೊತ್ತಿತ್ತು.

ಏಳನೆಯ ವಾರ ಬುಧವಾರ ಔಷಧಿ ಅಂಗಡಿಯಲ್ಲಿ ಕರೆಂಟು ಹೋಗಿ ಸೊಸೆ ಮಧ್ಯಾಹ್ನವೇ ಮನೆಗೆ ಬಂದಳು. ಮಾವ ತರಕಾರಿಗೆ ಹೋಗಿದ್ದರು. ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿ ಇಣುಕಿದಳು. ಅತ್ತೆ ಅವಳಿಗೆ ಬೆನ್ನು ಹಾಕಿ ನಿಂತು ಟವೆಲು ಹಿಂಡುತ್ತಿದ್ದರು, ಎರಡೂ ಕೈಯಲ್ಲಿ.

ಸೊಸೆ ಚೀಲ ಕೆಳಗಿಟ್ಟಳು. ಅತ್ತೆ ತಿರುಗಿದರು. ಟವೆಲು ಬಲಗೈಯಲ್ಲೇ ಇತ್ತು, ಅಡಗಿಸಲು ಜಾಗವಿರಲಿಲ್ಲ.

"ಯಾವತ್ತಿಂದ?" ಅಂದಳು ಸೊಸೆ.

"ಮೂರು ವಾರ."

"ಮೂರು ವಾರದಿಂದ ನಾನು ನಿಮ್ಮ ರವಿಕೆಗೆ ಗುಂಡಿ ಹಾಕ್ತಿದ್ದೀನಿ ಅತ್ತೆ. ಬಟ್ಟೆ ಒಗೀತಿದ್ದೀನಿ. ಸ್ಟಾಕ್ ಇನ್‌ಚಾರ್ಜ್ ಮಾಡ್ತೀವಿ, ರಾತ್ರಿ ಎಂಟರ ತನಕ ಇರಬೇಕು ಅಂದ್ರು, ಮನೇಲಿ ಆಗಲ್ಲ ಅಂತ ಬಿಟ್ಟುಬಂದೆ. ಟೋಪಿ ಹಾಕ್ಕೊಂಡು ಕೂತು ನಮಗೆಲ್ಲ ಟೋಪಿ ಹಾಕಿದ್ರಲ್ಲ."

ಅತ್ತೆಗೆ ಅಳು ಬಂತು. ಇನ್‌ಚಾರ್ಜ್ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಸ್ಟೂಲಿನ ಮೇಲೆ ಕೂತು, ತಡೆ ತಡೆದು, ಲೋಟದ್ದು, ಫೋನಿನದ್ದು, ಮಗ್ಗಿಯದ್ದು ಎಲ್ಲ ಹೇಳಿದರು. ಮಗ್ಗಿಯ ವಿಷಯ ಬಂದಾಗ ಸೊಸೆಗೆ ನಗು ತಡೆಯಲಾಗಲಿಲ್ಲ, ಆದರೂ ಮುಖ ಬಿಗಿ ಹಿಡಿದೇ ಇದ್ದಳು.

"ನಿನ್ನ ಗಂಡ ನಿನ್ನ ಜೊತೆ ಮಾತಾಡ್ತಾನೆ, ನಿನಗೆ ಗೊತ್ತಾಗಲ್ಲ" ಅಂದರು ಅತ್ತೆ. "ಮೂವತ್ತಾರು ವರ್ಷ ಇವರು ಬರೋರು, ಉಣ್ಣೋರು, ಮಲಗೋರು. ಕೆಟ್ಟೋರಲ್ಲ. ಆದ್ರೆ ಮಾತಿಲ್ಲ ಕತೆಯಿಲ್ಲ. ಈಗ ತಲೆ ತೊಳೀತಾರೆ, ನೀರು ಬಿಸಿ ಆಯ್ತಾ ಅಂತ ಕೇಳ್ತಾರೆ. ಕೈ ಬಂದ ದಿನ ಅದೂ ನಿಲ್ಲುತ್ತೆ. ನನಗೆ ಕೈಗಿಂತ ಅದು ಬೇಕು ಅನ್ನಿಸಿಬಿಡ್ತು."

ಸೊಸೆಯ ಸಿಟ್ಟು ಪೂರ್ತಿ ಇಳಿಯಲಿಲ್ಲ, ಇಳಿಯಬೇಕಾದ್ದೂ ಇಲ್ಲ. ಅವಳು ಟವೆಲು ತೆಗೆದುಕೊಂಡು ತಂತಿಯ ಮೇಲೆ ಹರವಿ ಬಂದಳು.

"ಕೈ ಹೋದ್ರೆ ಮತ್ತೆ ಬರಲ್ಲ ಅತ್ತೆ. ನಾನು ದಿನಾ ಔಷಧಿ ಕೊಡೋಳು, ಇಂಥೋರನ್ನ ನೋಡಿದ್ದೀನಿ. ಶುಕ್ರವಾರದೊಳಗೆ ಮಾವಂಗೆ ನೀವೇ ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ."

ಬುಧವಾರ ಹೋಯಿತು, ಗುರುವಾರ ಹೋಯಿತು. ಅತ್ತೆ ಎರಡು ಸಲ ಬಾಯಿ ತೆರೆದರು. ಒಂದು ಸಲ ಕಂಡಕ್ಟರು ಆಲೂಗಡ್ಡೆ ಸುಲಿಯುತ್ತ ಹಾಡು ಗುನುಗುತ್ತಿದ್ದರು, ಇನ್ನೊಂದು ಸಲ ಆಕೆಯ ಜಡೆಗೆ ಕೊನೆಯ ಗಂಟು ಹಾಕುತ್ತಿದ್ದರು. ಎರಡು ಸಲವೂ ಮಾತು ಹೊರಡಲಿಲ್ಲ.

ಶುಕ್ರವಾರ ಸೊಸೆ ರಜೆ ಹಾಕಿ ಜೊತೆಗೆ ಬಂದಳು. ಕಂಡಕ್ಟರಿಗೆ ಆಶ್ಚರ್ಯವಾಯಿತು, ಕೇಳಲಿಲ್ಲ. ಟೋಪಿ ಹುಡುಗಿ ಜೆಲ್ ಹಚ್ಚಿದಳು, ಕಪ್ಪು ಡಬ್ಬಿ ಕಟ್ಟಿದಳು. ಅತ್ತೆಯ ಮುಂದೆ ಬಟ್ಟಲು ಬಂತು, ಸ್ಪಂಜು ಬಂತು. ಹದಿನೇಳೊಂದ್ಲಿ ಹದಿನೇಳು ಅಂತ ಶುರುಮಾಡಿದರು. ಹದಿನೇಳಾರ್ಲಿ ಎಷ್ಟು ಅನ್ನುವುದು ಮರೆತುಹೋಯಿತು. ಎಷ್ಟು ತಡಕಾಡಿದರೂ ಸಿಗಲಿಲ್ಲ.

"ಏನಮ್ಮ ಇವತ್ತು, ಆಟ ಶುರು ಆಗೋಕೆ ಮುಂಚೇನೇ ಇಲ್ಲಿ ಇಷ್ಟು ಗಲಾಟೆ?" ಪರದೆ ನೋಡುತ್ತ ಹುಡುಗಿ ಸಹಜವಾಗಿ ಕೇಳಿದಳು. "ಏನು ಯೋಚನೆ?"

"ನಿನಗೆ ಕಾಣ್ತಾ ಇದೆ, ಮತ್ತೆ ಯಾಕಮ್ಮ ಕೇಳ್ತೀಯ" ಅಂದರು ಅತ್ತೆ. "ನೀನು ಹೇಳೋದು ಬೇಡ. ನಾನೇ ಹೇಳ್ತೀನಿ."

ಕಣ್ಣಿಗೆ ಡಬ್ಬಿ ಕಟ್ಟಿಕೊಂಡೇ ಹೇಳಿದರು. ಗಂಡನ ಮುಖ ಕಾಣದಿದ್ದದ್ದು ಒಳ್ಳೆಯದೇ ಆಯಿತು. ಯಾರೂ ಇಲ್ಲದ ಆ ಅಡುಗೆಮನೆಯನ್ನು ನೋಡುತ್ತ, ಕೈ ಬಂದಿದೆ, ಮೂರು ವಾರವಾಯಿತು, ನೀವು ಮತ್ತೆ ಕುರ್ಚಿಗೆ ಹೋಗಿಬಿಡುತ್ತೀರಿ ಅಂತ ಹೇಳಲಿಲ್ಲ, ಈ ಮಷೀನಿಗೆ ಎಲ್ಲ ಗೊತ್ತಾಗುತ್ತೆ ಅಂತ ಮಗ್ಗಿ ಹೇಳಿಕೊಂಡು ಕೂರುತ್ತಿದ್ದೆ, ಇನ್ನು ಆಗುವುದಿಲ್ಲ ಅಂದರು. ಒಂದೇ ಉಸಿರಿಗೆ ಅಷ್ಟು ಮಾತು ಅವರು ಜನ್ಮದಲ್ಲಿ ಆಡಿರಲಿಲ್ಲ.

ಹುಡುಗಿ ಮೆಲ್ಲಗೆ, "ಅಮ್ಮ, ಇದರಲ್ಲಿ ಅದೆಲ್ಲ ಕಾಣಲ್ಲ. ಕೈ ಆಡಿಸೋಕೆ ಹೊರಟ್ರೆ ಇಷ್ಟು ಜಾಗದ ಬಣ್ಣ ಬದಲಾಗುತ್ತೆ. ಅಷ್ಟೇ ಗೊತ್ತಾಗೋದು" ಅಂದಳು.

"ಅಷ್ಟೇನಾ?"

"ಅಷ್ಟೇ."

ಅತ್ತೆ ಎರಡೂ ಕೈಯೆತ್ತಿ ಡಬ್ಬಿ ಬಿಚ್ಚಿದರು. ಕಂಡಕ್ಟರು ಎದುರಿಗೇ ಇದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ನನಗೆ ಗೊತ್ತಿತ್ತು" ಅಂದರು. "ತಲೆ ಮೇಲೆ ನೀರು ಬಿದ್ದಾಗ ನೀನು ಕಣ್ಣು ಮುಚ್ಚಿ ಸ್ಟೂಲನ್ನ ಹಿಡ್ಕೋತೀಯ. ಹದಿನೈದು ದಿನದಿಂದ ಎರಡೂ ಕೈಲಿ ಹಿಡ್ಕೋತಿದ್ದೀಯ."

"ಮತ್ತೆ ಯಾಕೆ ಹೇಳಲಿಲ್ಲ?"

ಕಂಡಕ್ಟರು ಸೊಸೆಯನ್ನು ನೋಡಿದರು, ಹುಡುಗಿಯನ್ನು ನೋಡಿದರು. ಇಬ್ಬರೂ ಎದ್ದು ಹೋಗುವ ಹಾಗೆ ಕಾಣಲಿಲ್ಲ. "ಹೇಳಿದ್ರೆ ಸ್ಟೂಲಿಗೆ ನೀನು ಬರಲ್ವಲ್ಲ" ಅಂದರು ನೆಲ ನೋಡುತ್ತ. "ನನಗೂ ರೂಢಿಯಾಗಿತ್ತು."

ಸೊಸೆ ಹಣೆ ಹಣೆ ಚಚ್ಚಿಕೊಂಡಳು. ಇಬ್ಬರೂ ಸೇರಿ ಒಂದು ಕೈಯನ್ನು ಬಲಿ ಕೊಡುತ್ತಿದ್ದಿರಿ ಅಂತ ಆಸ್ಪತ್ರೆ ಅನ್ನುವುದನ್ನೂ ಮರೆತು ಬೈದಳು. ಬೈಯುವಾಗ ಅವಳ ಕಣ್ಣಲ್ಲೂ ನೀರಿತ್ತು. ಟೋಪಿ ಹುಡುಗಿ ಸಮಾಧಾನ ಮಾಡಲು ಹೋಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೂರು ವಾರ ಕಳೆದಿದ್ದೀರಿ, ಬೆರಳು ಬರುತ್ತವೆ, ಹೆಬ್ಬೆರಳಿನ ಮಾತು ಕೊಡಲಾರೆ. ಆಮೇಲೆ ಡಬ್ಬಿಯನ್ನು ಮತ್ತೆ ಕಟ್ಟಿ, "ಈಗ ಮಗ್ಗಿ ಇಲ್ಲದೆ ಆಡಿ" ಅಂದಳು. ಅತ್ತೆ ಆರು ಬಟ್ಟಲನ್ನೂ ಕಪಾಟಿನಲ್ಲಿಟ್ಟರು. ಪರದೆಯ ಮೇಲೆ ಎಡಭಾಗ ಕೆಂಪಾಗಿ ಹಾಗೇ ನಿಂತಿತ್ತು.

ಬಸ್ಸಿನಲ್ಲಿ ಸೊಸೆ ಬೇಕೆಂದೇ ಮುಂದಿನ ಸೀಟಿಗೆ ಹೋಗಿ ಕೂತಳು. ಗಂಡಹೆಂಡತಿ ಹಿಂದೆ ಕೂತರು.

"ಕೈ ಬಂದ ಮೇಲೆ ಕುರ್ಚಿಗೆ ಹೋಗ್ತೀರಾ?" ಅತ್ತೆ ಕೇಳಿದರು.

"ಹೋಗ್ತೀನೇನೋ. ಹಳೇ ಚಾಳಿ. ಹೋದ್ರೆ ಕರಿ. ನಟನೆ ಯಾಕೆ ಮಾಡ್ತೀಯ? ಇಷ್ಟು ವರ್ಷದಲ್ಲಿ ನೀನು ಒಂದು ಸಲಾನೂ ಕರೀಲಿಲ್ಲ."

"ಕರೆದಿದ್ರೆ ಬರ್ತಿದ್ರಾ?"

ಎರಡು ಸ್ಟಾಪು ದಾಟಿತು. "ಇಲ್ಲ" ಅಂದರು ಕಂಡಕ್ಟರು. "ಆಗ ಬರ್ತಿರ್ಲಿಲ್ಲ."

ಅತ್ತೆಗೆ ನೋವಾಯಿತು. ಆದರೆ ಸುಳ್ಳು ಹೇಳಿ ಸಮಾಧಾನ ಮಾಡಲಿಲ್ಲವಲ್ಲ ಅಂತ ಒಳಗೊಳಗೇ ಗೌರವವೂ ಬಂತು.

ಅಧ್ಯಯನ ಮುಗಿಯಿತು. ಟೋಪಿ ಇಲ್ಲ, ಜೆಲ್ ಇಲ್ಲ. ಒಂದೂವರೆ ತಿಂಗಳಲ್ಲಿ ಅತ್ತೆಯ ಕೈ ಮುಕ್ಕಾಲು ಪಾಲು ಬಂತು. ಹೆಬ್ಬೆರಳು ಅರ್ಧಕ್ಕೇ ನಿಂತಿತು, ಗುಂಡಿ ಹಾಕುವುದು ಈಗಲೂ ಕಷ್ಟ. ಸೊಸೆ ಇನ್‌ಚಾರ್ಜ್ ಕೆಲಸ ಕೇಳಿ ತೆಗೆದುಕೊಂಡಳು. ಅಡುಗೆ ಮತ್ತೆ ಅತ್ತೆಯ ಕೈಗೆ ಬಂತು, ಅದರ ಜೊತೆಗೆ ಹಳೆಯ ಚಾಳಿಯೂ ಬಂತು. ಕಂಡಕ್ಟರು ಒಂದು ದಿನ ಹತ್ತು ನಿಮಿಷ ಪೇಪರು ನೋಡಿಬರುತ್ತೇನೆ ಅಂದರು. ಮರುದಿನ ಅರ್ಧ ಗಂಟೆಯಾಯಿತು. ಮೂರನೆಯ ವಾರಕ್ಕೆ ಬೆಳಗಿನ ಹೊತ್ತು ಕುರ್ಚಿಯಲ್ಲೇ ಕಳೆಯತೊಡಗಿತು. ಯಾರೂ ಬೇಕೆಂದು ಮಾಡಿದ್ದಲ್ಲ, ಇಂಥವು ಹಾಗೇ ಆಗುತ್ತವೆ.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಒಬ್ಬರೇ ಅಡುಗೆಮನೆಯಲ್ಲಿ ನಿಂತಿದ್ದರು. ಮೇಲಿನ ಕಪಾಟಿನಿಂದ ದೊಡ್ಡ ಪಾತ್ರೆಯನ್ನು ಎರಡೂ ಕೈಯಲ್ಲಿ ಇಳಿಸಿ ಒಲೆಯ ಮೇಲಿಟ್ಟರು. ಏನೂ ಚೆಲ್ಲಲಿಲ್ಲ, ಏನೂ ಬೀಳಲಿಲ್ಲ. ಕರೆಯುವುದಕ್ಕೆ ಒಂದು ಕಾರಣವೂ ಇರಲಿಲ್ಲ. ಸತ್ತ ಕೈ ಇದ್ದಾಗ ಎಷ್ಟು ಸುಲಭವಿತ್ತು ಅನ್ನಿಸಿತು. ಕೈ ಒರೆಸಿಕೊಂಡರು. ಗಂಟಲು ಸರಿಮಾಡಿಕೊಂಡರು.

"ರೀ" ಅಂದರು. ಉತ್ತರ ಬರಲಿಲ್ಲ.

"ರೀ, ಬನ್ನಿ ಇಲ್ಲಿ" ಅಂದರು ಎರಡನೆಯ ಸಲ, ಜೋರಾಗಿ. ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ಮಗ, ಸೊಸೆ ಇಬ್ಬರೂ ಕೈ ನಿಲ್ಲಿಸಿದರು.

ಪೇಪರು ಮಡಚಿದ ಸದ್ದಾಯಿತು. ಕಂಡಕ್ಟರು ಗಾಬರಿಯಲ್ಲಿ ಒಂದೇ ಚಪ್ಪಲಿ ಮೆಟ್ಟಿಕೊಂಡು ಬಂದರು. "ಏನಾಯ್ತು, ಕೈಗೇನಾದ್ರೂ ಆಯ್ತಾ?"

"ಕೈ ಚೆನ್ನಾಗೇ ಇದೆ" ಅಂದರು ಅತ್ತೆ. "ನೀವು ಬೇಕು ಅನ್ನಿಸ್ತು, ಕರೆದೆ."

ಕಂಡಕ್ಟರು ಒಂದು ಗಳಿಗೆ ಬಾಗಿಲಲ್ಲೇ ನಿಂತರು. ಆಮೇಲೆ ಒಳಗೆ ಬಂದು, ಏನು ಮಾಡಬೇಕು ಅಂತ ತಿಳಿಯದೆ, ಈರುಳ್ಳಿ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು ಕೂತರು.